ಕಂಪ್ಯೂಟರ್ ಕೊಟ್ಟ ಸೊನ್ನೆ

ಕಂಪ್ಯೂಟರಿಗೆ ಸಿಟ್ಟು ಬರುವುದಿಲ್ಲ, ಆದ್ದರಿಂದ ಅದು ತಪ್ಪು ಮಾಡುವುದೂ ಇಲ್ಲ ಎಂದು ನಾನು ನಂಬಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚಿಕ್ಕಮಗಳೂರಿನ ನಮ್ಮ ಕಾಲೇಜಿಗೆ ಗಣಿತದ ಸಾಫ್ಟ್‌ವೇರ್ ಬಂದಾಗ, ಗಣಿತದ ಮೇಷ್ಟ್ರಾದ ನಾನೇ ಅದರ ಉಸ್ತುವಾರಿ ಹೊತ್ತೆ. ಅದು ಬಹಳ ನಿಧಾನ ಅನ್ನಿಸಿತು. ಅದರೊಳಗೆ ಕೂತು ಲೆಕ್ಕ ಮಾಡಿಕೊಡುವ ಫೈಲಿಗೆ ಲೈಬ್ರರಿ ಅನ್ನುತ್ತಾರೆ. ಅದೇ ಹೆಸರಿನ, ಇನ್ನೂ ವೇಗದ ಲೈಬ್ರರಿಯೊಂದು ಯಾವುದೋ ಸೀಡಿಯಲ್ಲಿ ಸಿಕ್ಕಿತು. ಹಳೆಯದನ್ನು ಅಳಿಸಿ ಇದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳಿತು. ಹಾಕು ಎಂದೆ!

ಹದಿನೇಳನ್ನು ಹತ್ತೊಂಬತ್ತರಿಂದ ಗುಣಿಸಿ ನೋಡಿದೆ. ಮುನ್ನೂರ ಇಪ್ಪತ್ತಮೂರು, ಸರಿ. ಇನ್ನೇನು ಬೇಕು?

ಅಂತರ ಕಾಲೇಜು ಗಣಿತ ಸ್ಪರ್ಧೆಗೆ ಒಬ್ಬರನ್ನು ಮಾತ್ರ ಕಳಿಸಬೇಕಿತ್ತು. ಸಂಮಿಶ್ರ ಸಂಖ್ಯೆಗಳ, ಅಂದರೆ i ಬರುವ ಲೆಕ್ಕಗಳ ಮೇಲೆ ಟೆಸ್ಟ್ ಕೊಟ್ಟೆ. ಗೋಣಿಬೀಡಿನಿಂದ ದಿನಾ ಬಸ್ಸಿನಲ್ಲಿ ಬರುವ ಪಲ್ಲವಿ, (1+i)(1−i) ಅಂದರೆ 2 ಎಂದು ಬರೆದಿದ್ದಳು. ಉತ್ತರ ತಾಳೆ ನೋಡಿದರೆ ಕಂಪ್ಯೂಟರ್ 0 ಎಂದಿತು. ನನ್ನ ಮೈ ಉರಿದುಹೋಯಿತು.

"ಇಷ್ಟೂ ಬರಲ್ವಾ? ನಿನ್ನ ಹೆಸರು ಹೊಡೆದು ಹಾಕ್ತೀನಿ!" ಎಂದು ತರಗತಿಯ ಮುಂದೆ ರೇಗಿದೆ.

"ಸರ್, ಅದು..."

"ಕಂಪ್ಯೂಟರ್ ಸುಳ್ಳು ಹೇಳತ್ತಾ? ಕೂತ್ಕೋ!"

ಹುಡುಗಿ ಕಣ್ಣೊರೆಸಿಕೊಂಡು ಕೂತಳು.

ಮನೆಗೆ ಬಂದು ಹೆಂಡತಿ ಶಾರದೆಗೆ ವರದಿ ಒಪ್ಪಿಸಿದೆ. ಅವಳೂ ಬಿ.ಎಸ್ಸಿ. ಕಾಫಿಪುಡಿಯ ಪೊಟ್ಟಣದ ಮೇಲೆ ಲೆಕ್ಕ ಮಾಡಿ ನನ್ನ ಮೂಗಿನ ಕೆಳಗೆ ಹಿಡಿದಳು.

"ಐ ವರ್ಗ ಮೈನಸ್ ಒಂದಲ್ವೇನ್ರೀ? ಎರಡೇ ಬರತ್ತೆ."

"ನನಗೇ ಪಾಠ ಹೇಳ್ತೀಯಾ?"

"ಯಾರಾದ್ರೂ ಹೇಳ್ಬೇಕಲ್ಲ!"

ಮರುದಿನ ಲ್ಯಾಬಿಗೆ ನುಗ್ಗಿ, ಕಂಪ್ಯೂಟರ್ ನೋಡಿಕೊಳ್ಳುವ ರಮೇಶನ ಮೇಲೆ ಹಾರಾಡಿದೆ. "ಯಾವ ಮುಠ್ಠಾಳನಯ್ಯಾ ಇದನ್ನ ಹಾಳು ಮಾಡಿದ್ದು?"

ಅವನು ಸಾವಧಾನವಾಗಿ ನೋಡಿದ. "ಈ ಲೈಬ್ರರಿಗೂ ನಮ್ಮ ಸಾಫ್ಟ್‌ವೇರಿಗೂ ಹೊಂದೋದಿಲ್ಲ ಸರ್. ಮಾಮೂಲಿ ಲೆಕ್ಕ ಸರಿ ಬರತ್ತೆ. ಐ ಇದ್ದ ಕಡೆಯೆಲ್ಲ ಎಡವಟ್ಟು. ಇದನ್ನ ಹಾಕಿದೋರು..."

"ಗೊತ್ತಾಯ್ತು ಬಿಡು ಮಾರಾಯ!"

ಪುಣ್ಯಕ್ಕೆ ಸ್ಪರ್ಧೆಯ ಪತ್ರ ಇನ್ನೂ ಅಂಚೆಗೆ ಹೋಗಿರಲಿಲ್ಲ. ಪಲ್ಲವಿಯ ಹೆಸರು ಬರೆದು, ತರಗತಿಯ ಮುಂದೆಯೇ ಅವಳ ಕ್ಷಮೆ ಕೇಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ! "ಹದಿನೆಂಟು ವರ್ಷ ತಿದ್ದಿ ತಿದ್ದಿ ಮಾಡಿದ ನನ್ನ ನೋಟ್ಸ್ ಪುಸ್ತಕಾನೇ ನಿನಗೆ ಓದೋಕೆ ಕೊಟ್ಟಿದ್ದೀನಲ್ಲಮ್ಮ, ಅದನ್ನೇ ಓದ್ಕೊಂಡು ಹೋಗು" ಎಂದೆ.

ಅವಳು ತಲೆ ತಗ್ಗಿಸಿದಳು. "ಅದನ್ನ ನಂಬ್ಕೊಂಡೇ ಎರಡು ಅಂತ ಬರ್ದಿದ್ದೆ ಸರ್. ನೀವೇ ತಪ್ಪು ಅಂದ್ರಲ್ಲ, ಸಿಟ್ಟು ಬಂದು ಬಚ್ಚಲೊಲೆಗೆ ಹಾಕ್ಬಿಟ್ಟೆ."

ನನ್ನ ಅಷ್ಟೂ ಪಾಂಡಿತ್ಯದಿಂದ ಗೋಣಿಬೀಡಿನಲ್ಲಿ ಒಂದು ಹಂಡೆ ನೀರು ಕಾದಿತ್ತು!