ಕೆಂಪು ದಾರದ ಶಾಲು

ಒಂದು ವಯಸ್ಸು ದಾಟಿದ ಮೇಲೆ ನಮ್ಮ ಬಸವನಗುಡಿಯಲ್ಲಿ ಗಂಡಸಿಗೆ ಉಳಿಯುವುದು ಎರಡೇ ಕೆಲಸ: ಬೆಳಿಗ್ಗೆ ವಾಕಿಂಗ್ ಹೋಗುವುದು, ಸಂಜೆ ಶಾಲು ಹೊದಿಸಿಕೊಳ್ಳುವುದು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಚೆನ್ನಾಗಿ ಮಾತಾಡುತ್ತೇನೆಂದಲ್ಲ, ಬೇಗ ಮುಗಿಸುತ್ತೇನೆಂದು ಜನ ನನ್ನನ್ನು ಮುಖ್ಯ ಅತಿಥಿಯಾಗಿ ಕರೆಯುತ್ತಾರೆ. ಹೀಗೆ ಬಂದ ಶಾಲುಗಳು ಬೀರುವಿನ ಮೇಲಿನ ಖಾನೆಯನ್ನೆಲ್ಲ ತುಂಬಿಕೊಂಡಿವೆ. ಹೊದೆಯೋಣವೆಂದರೆ ಜರಿ ಚುಚ್ಚುತ್ತದೆ, ಬಿಸಾಡೋಣವೆಂದರೆ ಸನ್ಮಾನ ನೆನಪಾಗುತ್ತದೆ. ಆದ್ದರಿಂದ ಯಾರದಾದರೂ ಸಮಾರಂಭ ಬಂದಾಗ ಒಂದನ್ನು ಇಸ್ತ್ರಿ ಮಾಡಿಸಿ ಅವರಿಗೆ ಹೊದಿಸಿ ಬರುತ್ತೇನೆ.

ಕೆಳಗಿನ ಖಾನೆ ನನ್ನ ಹೆಂಡತಿ ಶಾರದೆಯದು. ಅಲ್ಲಿರುವುದು ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬ್ಲೌಸ್ ಪೀಸುಗಳು. ಅವನ್ನು ಹೊಲಿಸಿಕೊಂಡವರನ್ನು ನಾನು ಇದುವರೆಗೆ ಕಂಡಿಲ್ಲ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದಷ್ಟೇ. ಈ ವಿಷಯದಲ್ಲಿ ಅವಳನ್ನು ಗೇಲಿ ಮಾಡುವುದು ನನಗೆ ಹಳೆಯ ಅಭ್ಯಾಸ. ನನ್ನ ಖಾನೆ ಅದರ ಮೇಲೇ ಇದೆ ಎಂಬುದು ಯಾಕೋ ಹೊಳೆದಿರಲಿಲ್ಲ.

ಕಳೆದ ಕಾರ್ತಿಕದಲ್ಲಿ, ನಮ್ಮ ಜೊತೆಗೇ ಇರುವ ಮೊಮ್ಮಗಳು ಅನಘಾಳ ಶಾಲೆಯಿಂದ ಕರೆ ಬಂತು. ಅಲ್ಲಿ ವರ್ಷಕ್ಕೊಂದು ಸಂಜೆ ಮಕ್ಕಳು ಸಮಾಜಕ್ಕೆ ಉಪಯೋಗವಾಗುವ ಯೋಜನೆಗಳನ್ನು ಊರವರ ಮುಂದೆ ಇಡುತ್ತಾರೆ. ಸಭೆಯಲ್ಲಿ ಕೈ ಎತ್ತಿ ಜೊತೆಗೂಡುವ ಮನೆಗಳಿದ್ದರೆ ಯೋಜನೆ ಮುಂದಕ್ಕೆ, ಇಲ್ಲದಿದ್ದರೆ ಚಾರ್ಟ್ ಸುತ್ತಿಕೊಂಡು ಮನೆಗೆ. ಅನಘಾ ಎಂಟು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ತಾತ, ಯಾರೂ ಕೈ ಎತ್ತದೇ ಇದ್ರೆ?" ಎಂದು ಕೇಳಿದಳು. "ಮಕ್ಕಳು ಕೇಳಿದ್ರೆ ಇಲ್ಲ ಅನ್ನೋರು ಯಾರಿದ್ದಾರೆ?" ಎಂದೆ. ಯೋಜನೆ ಏನೆಂದು ಕೇಳಿದರೆ ಹೇಳಲಿಲ್ಲ.

ವೇದಿಕೆಯಲ್ಲಿ ನನಗೆ ಎಂದಿನಂತೆ ಶಾಲು ಹೊದಿಸಿದರು. ಎಂದಿನಂತೆ ಚುಚ್ಚಿತು. ಆಮೇಲೆ ಅನಘಾ, ಅವಳ ಗೆಳತಿ ಶ್ರೀರಾಂಪುರದ ಭೂಮಿಕಾ ಇಬ್ಬರೂ ಮೈಕಿನ ಮುಂದೆ ನಿಂತರು. ಮೊದಲು ಭೂಮಿಕಾ ಮಾತಾಡಿದಳು: ಬಳೇಪೇಟೆಯ ಅಂಗಡಿಗಳ ಕಟ್ಟೆಯ ಮೇಲೆ ಕೈಗಾಡಿಯವರು ಮಲಗುತ್ತಾರೆ, ಚಳಿಗಾಲದಲ್ಲಿ ಗೋಣಿಚೀಲ ಹೊದ್ದುಕೊಳ್ಳುತ್ತಾರೆ. "ನಮ್ಮಜ್ಜಿ ಕೌದಿ ಹೊಲೀತಾರೆ, ನಮ್ಗೂ ಕಲಿಸಿದಾರೆ. ಬಟ್ಟೆ ಒಂದೇ ಬೇಕಾಗಿರೋದು. ಅದು ನಿಮ್ಮನೆ ಬೀರುನಲ್ಲಿದೆ."

ಅನಘಾ ಒಂದು ಹಸಿರು ಬ್ಲೌಸ್ ಪೀಸು ಬಿಚ್ಚಿ ಹಿಡಿದಳು. ಮೂಲೆಯಲ್ಲಿ ಕೆಂಪು ದಾರದ ಪುಟ್ಟ ಗಂಟು. "ಗೌರಿ ಹಬ್ಬಕ್ಕೆ ಇದಕ್ಕೆ ಗುರುತು ಹಾಕಿ ಪಕ್ಕದ ಬೀದಿಯ ಒಂದು ಮನೆಗೆ ಕೊಟ್ವಿ. ದೀಪಾವಳಿಗೆ ಚಾಮರಾಜಪೇಟೆಯಿಂದ ನಮ್ಮನೆಗೇ ವಾಪಸ್ ಬಂತು." ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮುಂದಿನ ಸಾಲಿನಲ್ಲಿ ಶಾರದೆ ನೆಲ ನೋಡುತ್ತಿದ್ದಳು.

"ಒಂದು ಶಾಲಿಗೂ ಹಾಕಿದ್ವಿ," ಎಂದಳು ಅನಘಾ. "ಅದು ಮಾತ್ರ ಇನ್ನೂ ಸಿಕ್ಕಿಲ್ಲ. ಈಗ, ಯಾವ ಮನೆಯವರು ಕೊಡ್ತೀರಿ?"

ನಗು ನಿಂತಿತು. ಕೈ ಎತ್ತಿದರೆ ತಮ್ಮ ಬೀರುವಿನ ಗುಟ್ಟು ಒಪ್ಪಿಕೊಂಡಂತೆ. ಅಕ್ಕಪಕ್ಕದಲ್ಲಿ ಕೂತಿದ್ದವರೆಲ್ಲ ಒಬ್ಬರಿಗೊಬ್ಬರು ಕೊಟ್ಟವರೇ, ತೆಗೆದುಕೊಂಡವರೇ. ಒಂದು ಕೈಯೂ ಏಳಲಿಲ್ಲ. ಅನಘಾ ಹಸಿರು ಪೀಸನ್ನು ಮಡಿಸತೊಡಗಿದಳು. ಏನೂ ತೋಚದೆ ನನ್ನ ಶಾಲಿನ ಅಂಚನ್ನು ತಿರುವುತ್ತಿದ್ದಾಗ ಬೆರಳಿಗೆ ಗಂಟು ಸಿಕ್ಕಿತು. ನೋಡಿದರೆ ಕೆಂಪು ದಾರ. ಮಲ್ಲೇಶ್ವರದ ಗೆಳೆಯನ ಎಪ್ಪತ್ತರ ಶಾಂತಿಗೆ ನಾನೇ ಹೊದಿಸಿ ಬಂದ ಶಾಲು. ಅವನು ಯಾರಿಗೆ ಕೊಟ್ಟನೋ, ಅವರು ಯಾರಿಗೆ ಹೊದಿಸಿದರೋ, ಅಂತೂ ಅದು ನನ್ನ ಹೆಗಲನ್ನು ಹುಡುಕಿಕೊಂಡು ಬಂದಿತ್ತು.

ಎದ್ದು ಮೈಕಿಗೆ ಹೋದೆ. "ಶಾಲು ಸಿಕ್ತಮ್ಮ. ನಾನು ಕೊಟ್ಟಿದ್ದನ್ನ ನನಗೇ ಹೊದಿಸಿದ್ದಾರೆ," ಎಂದು ಮಡಿಸಿ ಅವಳ ಕೈಗಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ಶಾರದೆ ಕೈ ಎತ್ತಿ ನಿಂತಳು. "ನಾಳೇನೇ ಬನ್ನಿ. ಆದ್ರೆ ಬರಿಗೈಲಿ ಕಳ್ಸಲ್ಲ, ಕುಂಕುಮ ತಗೊಂಡೇ ಹೋಗ್ಬೇಕು." ಅವಳ ಹಿಂದೆ ಒಂದು ಕೈ, ಅದರ ಹಿಂದೆ ಸಾಲಿಗೆ ಸಾಲೇ ಕೈಗಳು. ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು. ಆ ಇಬ್ಬರು ಹುಡುಗಿಯರನ್ನು ನೋಡುತ್ತ ಬೆರಗಾಗಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಒಂದು ದಾರದ ಗಂಟಿನಿಂದ ಇಡೀ ಬಡಾವಣೆಯ ಬೀರುಗಳನ್ನು ತೆರೆಸಿಬಿಟ್ಟಿದ್ದರು.

ಅಷ್ಟರಲ್ಲಿ ಸಂಘಟಕರಿಗೆ ಗಾಬರಿ. ಮುಖ್ಯ ಅತಿಥಿಯ ಹೆಗಲು ಖಾಲಿ ಇರುವುದುಂಟೇ? ಎಲ್ಲಿಂದಲೋ ಓಡಿ ಬಂದು ಇನ್ನೊಂದು ಶಾಲು ಹೊದಿಸಿದರು. ಇದು ಜರಿಯದಲ್ಲ, ಅಪ್ಪಟ ಉಣ್ಣೆ. ಎಷ್ಟು ಮೆತ್ತಗಿತ್ತೆಂದರೆ, ನನ್ನ ಸನ್ಮಾನದ ಜೀವನದಲ್ಲೇ ಅಂಥದ್ದು ಬಂದಿರಲಿಲ್ಲ. ಮನೆಗೆ ಬಂದವನೇ ಮೂಲೆಗಳನ್ನೆಲ್ಲ ಮುಟ್ಟಿ ನೋಡಿದೆ. ದಾರ ಇರಲಿಲ್ಲ. ಕೆಮ್ಮು ಬಂದಾಗ ಬೇಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಪುಸ್ತಕಗಳ ಹಿಂದೆ ಸೇರಿಸಿದೆ.

ಮರುದಿನ ಹುಡುಗಿಯರು ಎರಡೂ ಖಾನೆಗಳನ್ನು ಖಾಲಿ ಮಾಡಿ ಜಗಲಿಯಲ್ಲಿ ಚೀಲಕ್ಕೆ ತುಂಬುತ್ತಿದ್ದರು. ಶಾರದೆ ಇಬ್ಬರಿಗೂ ಕುಂಕುಮವಿಟ್ಟು, ತಾಂಬೂಲದ ಜೊತೆ ಒಂದೊಂದು ಬ್ಲೌಸ್ ಪೀಸನ್ನೂ ಕೊಟ್ಟಳು. ಅವೂ ಚೀಲಕ್ಕೇ ಹೋದವು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನೆಮ್ಮದಿಯಿಂದ ಒಳಗೆ ಹೋಗಿ ಪುಸ್ತಕ ಸರಿಸಿ ನೋಡಿದೆ. ಉಣ್ಣೆಯ ಶಾಲು ಇಟ್ಟಲ್ಲೇ ಇತ್ತು. ಮೂಲೆಯಲ್ಲಿ ಕೆಂಪು ದಾರದ ಗಂಟಿತ್ತು.

ನಾನೇ ತೆಗೆದುಕೊಂಡು ಹೋಗಿ ಚೀಲಕ್ಕೆ ಹಾಕಿದೆ. "ಥ್ಯಾಂಕ್ಸ್ ತಾತ," ಎಂದಳು ಅನಘಾ, ತಲೆಯನ್ನೂ ಎತ್ತದೆ.