ಭಾವಮೈದುನನನ್ನು ಗೋಡೆ ಹತ್ತಿಸಿದ್ದು

ನನ್ನ ಹೆಂಡತಿಯ ತಮ್ಮ ದಿಂಬಪ್ಪ (ಬಿರುದು ದಯಪಾಲಿಸಿದವನು ನಾನೇ) ಸೋಫಾದ ಮೇಲೆ ಮಲಗಿಕೊಂಡೇ ಜಾಹೀರಾತು ಬರೆದು ಸಂಪಾದಿಸುತ್ತಾನೆ. ವಯಸ್ಸು ಇಪ್ಪತ್ಮೂರು, ತೂಕ ತೊಂಬತ್ತೆರಡು. ನಾನೋ ಬಸ್ ಕಂಡಕ್ಟರ್, ಕಾಲಿಗೆ ಚಕ್ರ ಕಟ್ಟಿಕೊಂಡವನು. ಕೂತವರನ್ನು ಕಂಡರೆ ನನಗೆ ಮೈಯೆಲ್ಲ ತುರಿಕೆ. ರಜಾದಿನ ಬೀರು ಸರಿಸುವುದು, ಸರಿಸಿದ್ದನ್ನು ಮತ್ತೆ ಸರಿಸುವುದು, ಇದೇ ನನ್ನ ವಿಶ್ರಾಂತಿ. ಇನ್ನೊಂದು ತುದಿ ಹಿಡಿಯುವವಳು ಹೆಂಡತಿ.

ಮೊನ್ನೆ ಡಾಕ್ಟರು ದಿಂಬಪ್ಪನ ಬಿ.ಪಿ. ನೋಡಿ, "ಇದು ನಿಮ್ಮ ತಾತನ ವಯಸ್ಸಿಗೆ ಇರಬೇಕಾದ್ದು," ಎಂದರಂತೆ. ಹೆಂಡತಿ ಅತ್ತಳು. ನನಗೂ ಸಂಕಟವಾಯಿತು, ಹುಡುಗ ಒಳ್ಳೆಯವನು.

"ಅಳ್ಬೇಡ. ಈ ಭಾನುವಾರ ಇವನನ್ನ ಗೋಡೆ ಹತ್ತಿಸ್ತೀನಿ," ಎಂದು ಪ್ರತಿಜ್ಞೆಗೈದೆ.

"ಮೊದ್ಲು ನೀವು ಒಂದು ಗಳಿಗೆ ಕೂತ್ಕೊಳ್ಳಿ," ಎಂದಳು. ಕೂರಲು ಪುರುಸೊತ್ತೆಲ್ಲಿ?

ನಮ್ಮ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಗೋಡೆ ಹತ್ತಿಸುವ ದೊಡ್ಡ ಹಾಲ್ ಇದೆ. ಗೋಡೆ ತುಂಬ ಕೈಕಾಲಿಗೆ ಆಸರೆಯಾಗುವ ಬಣ್ಣದ ಗುಬಟುಗಳು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಬೇಕು. ಮೇಲಿನ ಕಂಬಿಯನ್ನು ಸುತ್ತಿ ಇಳಿದ ಹಗ್ಗದ ಇನ್ನೊಂದು ತುದಿಯನ್ನು ಕೆಳಗಿನವನು ತನ್ನ ಸೊಂಟಪಟ್ಟಿಯ ಕೊಂಡಿಯಲ್ಲಿ ತೂರಿಸಿ ಕೈಯಲ್ಲಿ ಬಿಗಿಯಾಗಿ ಹಿಡಿದಿರಬೇಕು.

"ನಿಮ್ಮ ತೂಕ ಎಷ್ಟು?" ಭಾನುವಾರ ಅಲ್ಲಿ ತರಬೇತಿ ಕೊಡುವ ಹುಡುಗಿ, ಹಗ್ಗ ಹಿಡಿಯಲು ನಿಂತ ನನ್ನನ್ನು ಕೇಳಿದಳು. ನಿಜ ಹೇಳಿದರೆ ಐವತ್ತೊಂದು. ಪಕ್ಕದಲ್ಲಿ ತೊಂಬತ್ತೆರಡು ನಿಂತಿರುವಾಗ ಭಾವ ಎನಿಸಿಕೊಂಡವನ ಮರ್ಯಾದೆಯ ಪ್ರಶ್ನೆ.

"ಎಪ್ಪತ್ತು," ಎಂದೆ.

ಅವಳು ನನ್ನನ್ನು ಎರಡು ಸಲ ನೋಡಿ ಬರೆದುಕೊಂಡಳು. (ಹಗುರದವರಿಗೆ ಮರಳಿನ ಚೀಲ ಕಟ್ಟುತ್ತಾರೆಂದು ಆಮೇಲೆ ತಿಳಿಯಿತು.) "ಏನೇ ಆದ್ರೂ ಹಗ್ಗ ಬಿಡ್ಬೇಡಿ," ಎಂದಳು.

ದಿಂಬಪ್ಪ ಹತ್ತಿದ. "ಮೇಲೆ ಜಾಗ ಇದೆ, ಹೋಗ್ತಾ ಇರು," ಎಂದು ನಾನು ಅಭ್ಯಾಸಬಲದಿಂದ ಕೂಗುತ್ತಿದ್ದೆ. ಹದಿನೈದು ಅಡಿಯಲ್ಲಿ ಅವನು, "ಸಾಕು ಭಾವ," ಎಂದು ಎರಡೂ ಕೈ ಬಿಟ್ಟ. ಅವನು ಇಳಿದ, ನಾನು ಏರಿದೆ. ನಡುದಾರಿಯಲ್ಲಿ ಭೇಟಿಯಾಯಿತು.

"ಎಲ್ಲಿಗೆ ಭಾವ?" ಎಂದ ವಿನಯದಿಂದ.

"ಕೈ ಸ್ವಲ್ಪ ಸಡಿಲಿಸಿ, ಇಳೀತೀರಿ," ಎಂದು ಹುಡುಗಿ ಕೆಳಗಿಂದ ಹೇಳಿದಳು. ಕೈ ನನ್ನ ಮಾತು ಕೇಳಲಿಲ್ಲ. "ಇಲ್ಲಾಂದ್ರೆ ಅವರೇ ಮತ್ತೆ ಹತ್ತಬೇಕು."

"ಸ್ವಲ್ಪ ಸುಧಾರಿಸ್ಕೊಂಡು ಹತ್ತೀನಿ," ಎಂದು ದಿಂಬಪ್ಪ ಚಾಪೆಯ ಮೇಲೆ ಕೂತೇಬಿಟ್ಟ. ಆಗ ಅವನ ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ನನ್ನ ಹೆಂಡತಿ.

"ಹತ್ತಿದ್ಯೇನೋ?"

"ಹತ್ತಿ ಇಳಿದೂ ಆಯ್ತಕ್ಕ. ಈಗ ಭಾವ ಮೇಲಿದ್ದಾರೆ."

"ಅಲ್ಲೇನು ಮಾಡ್ತಿದಾರೆ?"

"ಏನೂ ಇಲ್ಲ. ಅಲ್ಲಾಡದೆ ಸುಮ್ನಿದ್ದಾರೆ."

ಅತ್ತ ಕಡೆ ಕುರ್ಚಿ ಎಳೆದ ಸದ್ದು.

"ಇನ್ನೊಂದು ಅರ್ಧ ಗಂಟೆ ಬಿಟ್ಟು ಇಳಿಸಪ್ಪ," ಎಂದಳು. "ಮದುವೆಯಾದ ಮೇಲೆ ಇವತ್ತೇ ನಾನು ಕೂತಿರೋದು."