ಮಂಗೋಲಿಯಾ ಎಡಕ್ಕೆ, ಸ್ವೀಡನ್ ಬಲಕ್ಕೆ

ಮಂಗೋಲಿಯನ್ ಆಗಲಿ ಸ್ವೀಡಿಶ್ ಆಗಲಿ ಒಂದಕ್ಷರ ಬಾರದ ನಾನು, ಆ ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ತೂಗಿದ ಕತೆ ಹೇಳಲು ಹೊರಟಿದ್ದೇನೆ. ಬಲ್ಲವರು ಮನ್ನಿಸಬೇಕು. ಧೈರ್ಯ ಬಂದದ್ದು ಒಂದೇ ಕಾರಣಕ್ಕೆ: ತೂಗಿದ ಪುಣ್ಯಾತ್ಮನಿಗೂ ಅವು ಬರುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಒಂದು ಒದ್ದೆ ಬಟ್ಟೆಯಿಂದ. ವಸ್ತುಸಂಗ್ರಹಾಲಯದ ಧ್ವನಿಕೋಣೆಯ ಸಹಾಯಕನನ್ನು ಎಲ್ಲರೂ ಜೋಪಾನಪ್ಪ ಎಂದೇ ಕರೆಯುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿಬಂದು ಎಳೆದು ನೋಡುವ ಆಸಾಮಿ. ಅಂದು ಸಂಜೆ ಜಗತ್ತಿನ ಭಾಷೆಗಳ ಪ್ರದರ್ಶನದ ಉದ್ಘಾಟನೆ. ಬಾಗಿಲ ಎಡಬಲಕ್ಕೆ ಎರಡು ಪೆಟ್ಟಿಗೆ; ಎಡಗಡೆಯದರ ಗುಂಡಿ ಒತ್ತಿದರೆ ಮಂಗೋಲಿಯನ್, ಬಲಗಡೆಯದರಲ್ಲಿ ಸ್ವೀಡಿಶ್ ಕೇಳಬೇಕು. ಸಮಾರಂಭದ ಕೊನೆಗೆ ಜೋಪಾನಪ್ಪನ ಕೆಲಸ ಕಾಯಂ ಮಾಡಿದ ಆದೇಶವನ್ನು ನಿರ್ದೇಶಕರು ಎಲ್ಲರೆದುರೇ ಕೊಡುವವರಿದ್ದರು. ಮದುವೆಗೆ ಮುಂಚಿನಿಂದಲೂ ಅವನು ಹಂಗಾಮಿ. ಈಗ ಮಗಳು ಶಾಲೆಗೆ ಹೋಗುತ್ತಿದ್ದಳು.

ಇಂಥ ದಿನ ಆ ಪೆಟ್ಟಿಗೆಗಳಿಗೆ ಹಾಕುವ ಎರಡು ಕ್ಯಾಸೆಟ್ಟುಗಳ ಮೇಲೆ ಧೂಳಿರಬಾರದೆಂದು ಬೆಳಿಗ್ಗೆಯೇ ಬಂದು ಒದ್ದೆ ಬಟ್ಟೆಯಿಂದ ಒರೆಸಿದ. ಧೂಳೂ ಹೋಯಿತು, ಶಾಯಿಯಲ್ಲಿ ಬರೆದಿದ್ದ ಹೆಸರೂ ಹೋಯಿತು. ಡಬ್ಬಿಯ ಮೇಲಾದರೂ ಇದ್ದೀತೆಂದು ನೋಡಿದರೆ, ಮಾಸಿದ ಡಬ್ಬಿಗಳನ್ನು ಹಿಂದಿನ ದಿನ ತಾನೇ ಎಸೆದು ಹೊಸವನ್ನು ತಂದಿದ್ದ. ಕ್ಯಾಸೆಟ್ಟುಗಳೆರಡೂ ಅವಳಿ ಕೂಸುಗಳ ಹಾಗೆ ಏನೂ ಅರಿಯದೆ ಮಲಗಿದ್ದವು.

ಎರಡನ್ನೂ ಹಾಕಿ ಕೇಳಿದ. ಒಂದರಲ್ಲಿ ಗಂಡಸಿನ ದನಿ, ಇಳಿಜಾರಿನಲ್ಲಿ ಖಾಲಿ ಗಾಡಿ ಉರುಳಿದಂತೆ. ಇನ್ನೊಂದರಲ್ಲಿ ಹೆಂಗಸಿನ ದನಿ, ಉಯ್ಯಾಲೆಯಂತೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಯಾವುದು ಯಾವ ದೇಶದ್ದೋ ತಿಳಿಯದೆ ಜೋಪಾನಪ್ಪ ಇನ್ನೊಮ್ಮೆ ಹಾಕಿ ಕೇಳಿದ.

"ಏನಣ್ಣ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?" ಎನ್ನುತ್ತ ಕಾವಲುಗಾರ ಒಳಗೆ ಬಂದ.

"ಯಾರಿಗೂ ಹೇಳ್ಬೇಡ ಮಾರಾಯ," ಎಂದು ಜೋಪಾನಪ್ಪ ಎಲ್ಲ ಹೇಳಿಕೊಂಡ.

ಕಾವಲುಗಾರ ಕಿವಿಗೊಟ್ಟು ಕೇಳಿ ತೀರ್ಪು ಕೊಟ್ಟೇಬಿಟ್ಟ. "ಈ ಹೆಂಗಸೇ ಮಂಗೋಲಿಯಾದವಳು. ಅಲ್ಲಿ ಎಲ್ರೂ ಕುದುರೆ ಮೇಲೆ ಇರ್ತಾರಂತೆ. ಕುದುರೆ ಮೇಲೆ ಕೂತು ಮಾತಾಡಿದ್ರೆ ದನಿ ಎಗರದೇ ಇರುತ್ತಾ?"

ಜೋಪಾನಪ್ಪ ಹಾಗೆಯೇ ದೇಶದ ಹೆಸರು ಬರೆದ ಚೀಟಿ ಅಂಟಿಸಿದ. ಗುಟ್ಟು ಕಾವಲುಗಾರನ ಬಾಯಲ್ಲಿ ನಿಂತದ್ದು ಅವನು ಮೆಟ್ಟಿಲಿಳಿಯುವವರೆಗೆ ಮಾತ್ರ. ಅಷ್ಟರಲ್ಲಿ ಗ್ರಂಥಪಾಲಕಿ ದಪ್ಪ ಪುಸ್ತಕ ಹೊತ್ತು ಏದುಸಿರು ಬಿಡುತ್ತ ಬಂದರು.

"ಅವನ ಮಾತು ಕೇಳಿ ಕೆಟ್ರಿ! ರಾಗ ಎಳೆದ ಹಾಗೆ ದನಿ ಏರಿಳಿಯೋದು ಸ್ವೀಡಿಶ್‌ನಲ್ಲಿ. ಹೆಂಗಸು ಸ್ವೀಡನ್ನಿನವಳು."

ಚೀಟಿ ಕಿತ್ತು ಅದಲುಬದಲು ಮಾಡಿದ. ಆದರೂ ಜೀವ ತಡೆಯಲಿಲ್ಲ. "ಮೇಡಂ, ಗಂಡಸಿನ ದನಿಯೂ ಅಲ್ಲಲ್ಲಿ ಏರುತ್ತಲ್ಲ? ಬೇರೆ ಗುರುತಿಲ್ವಾ?"

"ಇದೆ. ಮಂಗೋಲಿಯನ್‌ನಲ್ಲಿ ನಮ್ಮ ಹಾಗೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ. ಸ್ವೀಡಿಶ್‌ನಲ್ಲಿ ಮೊದಲೇ ಬಂದುಬಿಡುತ್ತೆ."

"ಇದರಲ್ಲಿ ಕ್ರಿಯಾಪದ ಯಾವುದು?"

"ಕೊನೆಗೆ ಬಂದದ್ದು," ಎಂದವರು ತಾವೇ ತಬ್ಬಿಬ್ಬಾದರು. ಮತ್ತೆ ಪುಟ ತಿರುವಿ, "ಇನ್ನೊಂದಿದೆ. ಮಂಗೋಲಿಯನ್ ಪದದೊಳಗೆ ಒಂದೇ ಮನೆತನದ ಸ್ವರಗಳು ಇರ್ತವೆ. ಹೊರಗಿನವಕ್ಕೆ ಜಾಗ ಕೊಡೋದಿಲ್ಲ," ಎಂದರು.

ಇದನ್ನು ಜೋಪಾನಪ್ಪ ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದ.

"ಹೊರಗಿನವರಿಗೆ ಜಾಗ ಇಲ್ವಂತಾ? ನಿಮ್ಮಮ್ಮನ ಭಾಷೆ ಅನ್ನಿ," ಎಂದಳು ಅವಳು. "ಅದಿರ್ಲಿ. ಬರೋ ಅತಿಥಿಗಳನ್ನೇ ಕೇಳಿಬಿಡಬಾರ್ದಾ?"

"ಕೇಳಿದ್ರೆ ವಿಷಯ ನಿರ್ದೇಶಕರ ಕಿವಿಗೆ ಬೀಳುತ್ತೆ. ಆಮೇಲೆ ಕಾಯಂ ಇಲ್ಲ, ಹಂಗಾಮಿಯೂ ಇಲ್ಲ."

"ಹಾಗಾದ್ರೆ ಕಣ್ಮುಚ್ಚಿ ಒಂದು ಅಂಟಿಸಿ. ನನ್ನನ್ನು ಒಪ್ಪಿದ್ದೂ ಹಾಗೇ ತಾನೆ?"

ಊಟದ ಹೊತ್ತಿಗೆ ಇಡೀ ಕಟ್ಟಡ ಎರಡು ಪಕ್ಷವಾಗಿತ್ತು. ಬಾಗಿಲು ತೆರೆದಾಗಲೆಲ್ಲ ಹೊಸದೊಂದು ತಲೆ ಇಣುಕಿ, "ಗಂಡಸು ಮಂಗೋಲಿಯಾ!" ಅಥವಾ "ಗಂಡಸು ಸ್ವೀಡನ್!" ಎಂದು ಕೂಗಿ ಓಡುತ್ತಿತ್ತು. ಜೋಪಾನಪ್ಪ ಅಂಟಿಸಿದ, ಕಿತ್ತ, ಅಂಟಿಸಿದ, ಕಿತ್ತ. ಸಂಜೆಯ ಹೊತ್ತಿಗೆ ಚೀಟಿಗಳೆರಡೂ ಕ್ಯಾಸೆಟ್ಟು ಬಿಟ್ಟು ಅವನ ಅಂಗೈಗೇ ಅಂಟಿಕೊಂಡವು. ಅದೇ ಗಳಿಗೆಗೆ ಹೊರಗೆ ಅತಿಥಿಗಳ ಕಾರು ಬಂದ ಸದ್ದು. ಯಾವುದರ ಮೇಲೆ ಯಾವುದನ್ನು ಒತ್ತಿದನೋ, ಚೀಟಿ ಓದಿಕೊಂಡು ಕ್ಯಾಸೆಟ್ಟುಗಳನ್ನು ಪೆಟ್ಟಿಗೆಗಳಿಗೆ ತುರುಕಿದ.

ಅತಿಥಿಗಳು ಇಬ್ಬರು. ಸ್ವೀಡನ್ ಮೂಲದ ಮುದುಕರೊಬ್ಬರು, ಪಿಯಾನೋಗಳಿಗೆ ಶ್ರುತಿ ಕೂಡಿಸುವವರು. ಮಂಗೋಲಿಯಾ ಮೂಲದ ಹಲ್ಲಿನ ಡಾಕ್ಟರಮ್ಮ. ಆ ದೇಶಗಳವರೆಂದು ಊರಿಗೆಲ್ಲ ಅವರೊಬ್ಬೊಬ್ಬರೇ.

ಮುದುಕರು ಬಲಗಡೆಯ ಗುಂಡಿ ಒತ್ತಿದರು. ಜೋಪಾನಪ್ಪ ಕಂಬದ ಮರೆಯಿಂದ ಇಣುಕಿದ. ಮುದುಕರು ಕಣ್ಣು ಮುಚ್ಚಿ ತಲೆದೂಗಿದರು! ಡಾಕ್ಟರಮ್ಮ ಎಡಗಡೆಯದನ್ನು ಒತ್ತಿ, ಎದೆಯ ಮೇಲೆ ಕೈಯಿಟ್ಟು, ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ನಿರ್ದೇಶಕರು ಆದೇಶವಿದ್ದ ತಮ್ಮ ಜೇಬನ್ನು ತಟ್ಟಿ ಜೋಪಾನಪ್ಪನ ಕಡೆ ನಕ್ಕರು. ಜೋಪಾನಪ್ಪನೂ ನಕ್ಕ.

ಚಹಾದ ಹೊತ್ತಿಗೆ ಮುದುಕರು ಅವನನ್ನು ಕಂಬದ ಮರೆಗೆ ಎಳೆದರು. "ತಜ್ಞರೇ, ಮರ್ಯಾದೆ ಪ್ರಶ್ನೆ. ನನಗೆ ಸ್ವೀಡಿಶ್ ಬರಲ್ಲ. ನಮ್ಮಪ್ಪ ಕಲಿಸಿದ್ದು ಎರಡೇ ಬೈಗುಳ, ನಿಮ್ಮ ಟೇಪಿನಲ್ಲಿ ಅವೆರಡೂ ಬರಲಿಲ್ಲ. ಅದು ನಮ್ಮ ಭಾಷೆಯೇ ತಾನೆ?"

ಜೋಪಾನಪ್ಪ ಚಹಾದ ಬಟ್ಟಲನ್ನು ಕಂಬದ ಬುಡದಲ್ಲಿಟ್ಟ. "ಹಾಗಂತ ಬರ್ದಿದೆಯಲ್ಲ, ಸಾರ್," ಎಂದು ತಪ್ಪಿಸಿಕೊಂಡು ಡಾಕ್ಟರಮ್ಮನ ಬಳಿಗೆ ಓಡಿದ. ಇವರಾದರೂ ಅತ್ತಿದ್ದರಲ್ಲ!

"ಅಮ್ಮ, ಟೇಪಿನಲ್ಲಿ ಆ ದನಿ ಏನಂತು?"

ಡಾಕ್ಟರಮ್ಮ ಅತ್ತಿತ್ತ ನೋಡಿ ಪಿಸುಗುಟ್ಟಿದರು. "ಯಾರಿಗೂ ಹೇಳ್ಬೇಡಿ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಒಂದು ಮಾತೂ ತಿಳಿಯಲ್ಲ. ತಿಳಿಯಲ್ವಲ್ಲ ಅಂತಲೇ ಅಳು ಬಂತು." ಮರುಕ್ಷಣ ಮುಖ ಅರಳಿಸಿ ದನಿ ಏರಿಸಿದರು. "ಆದ್ರೆ ನಾಳೆ ಬೆಳಿಗ್ಗೆ ನಮ್ಮಜ್ಜಿ ಬರ್ತಾರೆ, ಮಂಗೋಲಿಯಾದಿಂದ! ಅವರಿಗೆ ಆ ಭಾಷೆ ಬಿಟ್ಟು ಬೇರೆ ಬರೋದಿಲ್ಲ. ಸೀದಾ ಇಲ್ಲಿಗೇ ಕರ್ಕೊಂಡು ಬಂದು ಕೇಳಿಸ್ತೀನಿ."

"ಅಜ್ಜಿ ಬರ್ತಾರಾ?" ನಿರ್ದೇಶಕರು ಹಿಂದೆಯೇ ನಿಂತಿದ್ದರು. ಜೇಬಿನಿಂದ ಅರ್ಧ ಹೊರಬಂದಿದ್ದ ಆದೇಶ ಮತ್ತೆ ಒಳಗೆ ಹೋಯಿತು. "ಹಾಗಿದ್ರೆ ಇದು ಇವತ್ತು ಬೇಡಯ್ಯ, ಜೋಪಾನಪ್ಪ. ಅಜ್ಜಿ ಮೊದಲು ಟೇಪು ಕೇಳಲಿ, ಆಮೇಲೆ ಅವರ ಕೈಯಿಂದಲೇ ನಿನಗೆ ಕೊಡಿಸೋಣ. ಪತ್ರಿಕೆಯವರನ್ನೂ ಕರೀತೀನಿ!"

ಮರುದಿನ ಅಜ್ಜಿ ಗುಂಡಿ ಒತ್ತಿ ಏನಂದರೋ ನನಗೆ ತಿಳಿದುಬಂದಿಲ್ಲ. ಎಡಗಡೆಯ ಪೆಟ್ಟಿಗೆಯಲ್ಲಿ ಮಾತಾಡುತ್ತಿದ್ದುದು ಗಂಡಸೋ ಹೆಂಗಸೋ ಎಂದು ಕೇಳಿದರೆ, ಅದೂ ನನಗೆ ಗೊತ್ತಿಲ್ಲ.